ಭಾವ ಬಿಚ್ಚಿ ಹೊಲಿದ ಕಾಲುಚೀಲ

ಲಾಂಡ್ರಿಯಲ್ಲಿ ನನ್ನ ಅಕ್ಕನನ್ನು ಎಲ್ಲರೂ ಕರೆಯುವುದು ಗೆರೆಯಕ್ಕ ಎಂದು. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಸೊಂಟದಿಂದ ಪಾದದವರೆಗೆ ಒಂದೇ ಗೆರೆ ಇಳಿಯುತ್ತದೆ. ಹೊಸಬರು ಮಾಡಿದ್ದರಲ್ಲಿ ಮೊಣಕಾಲಿನ ಹತ್ತಿರ ಆ ಗೆರೆ ಎರಡಾಗಿ ಕವಲೊಡೆದಿರುತ್ತದೆ. ಅಂಥವನ್ನೆಲ್ಲ ಮೇಲ್ವಿಚಾರಕ ತಂದು ಅವಳ ಮೇಜಿನ ಮೇಲೆ ಎಸೆದು ಹೋಗುತ್ತಾನೆ. ಮೂವತ್ತೊಂದು ವರ್ಷದಿಂದ ಅವಳು ಊರ ಗಂಡಸರ ಪ್ಯಾಂಟುಗಳನ್ನು ನೆಟ್ಟಗೆ ಮಾಡುತ್ತಿದ್ದಾಳೆ. ಅದನ್ನು ಹಾಕಿಕೊಂಡು ಓಡಾಡುವವರಲ್ಲಿ ಎಷ್ಟು ಜನ ನೆಟ್ಟಗಿದ್ದಾರೋ ನಾನರಿಯೆ.

ಅವಳ ಮೇಜಿನ ಕೆಳಗೆ ಒಂದು ಪೆಡಲ್ ಇದೆ. ಬಲಗಾಲಿನಿಂದ ಅದನ್ನು ಒತ್ತಿದರೆ ಮೇಜು ಬಟ್ಟೆಯೊಳಗಿನ ಹಬೆಯನ್ನು ಕೆಳಗೆ ಎಳೆದುಕೊಳ್ಳುತ್ತದೆ, ಆಗ ಗೆರೆ ಗಟ್ಟಿಯಾಗಿ ಕೂರುತ್ತದೆ. ಒಂದು ಪ್ಯಾಂಟಿಗೆ ಆರೇಳು ಸಲ ಒತ್ತಬೇಕು. ಬಲಗಾಲು ಪೆಡಲಿನ ಮೇಲೆ ಇರುವಷ್ಟು ಹೊತ್ತೂ ಇಡೀ ಮೈಯ ಭಾರ ಎಡಗಾಲಿನ ಮೇಲೆ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ, ಮಧ್ಯೆ ಊಟದ ಅರ್ಧ ಗಂಟೆ ಬಿಟ್ಟರೆ, ಇದೇ. ಆ ಮೇಜನ್ನು ನಿಂತವರ ಎತ್ತರಕ್ಕೆಂದೇ ಮಾಡಿದ್ದು, ಕೂತು ಇಸ್ತ್ರಿ ಮಾಡುವುದು ಆಗದ ಮಾತು. ಅಪ್ಪ ತೀರಿಕೊಂಡ ವರ್ಷ, ಹದಿನೇಳನೆಯ ವಯಸ್ಸಿನಲ್ಲಿ, ಅಕ್ಕ ಅದರ ಮುಂದೆ ಹೋಗಿ ನಿಂತಳು. ಆಗ ನನಗೆ ಒಂಬತ್ತು. ಅವಳು ನಿಂತದ್ದರಿಂದ ನಾನು ಓದಿದೆ, ಓದಿದ್ದರಿಂದ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ನನಗೊಂದು ಕುರ್ಚಿ ಸಿಕ್ಕಿತು. "ಏನಾದ್ರೂ ಮಾಡು, ಕೂತು ಮಾಡೋ ಕೆಲಸ ಹಿಡಿ" ಎಂದು ಅವಳು ನನ್ನ ಕಿವಿ ತೂತು ಬೀಳುವಷ್ಟು ಸಲ ಹೇಳಿದ್ದಳು. ಇಂಥ ಅಕ್ಕನಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಿಕೊಳ್ಳಬೇಕಾಗಿದೆ. ಬಾಯಿ ಚುರುಕಿನವಳು ಎಂದು ಹೆಸರು ಪಡೆದವಳು ನಾನು, ಇದನ್ನು ಹೇಳಲು ಮಾತ್ರ ನಾಲಿಗೆ ತಡವರಿಸುತ್ತದೆ.

ಭಾವನ ವಿಷಯ ಹೇಳಿಬಿಡುತ್ತೇನೆ. ಅಕ್ಕನ ಗಂಡ ಟೈಲರ್. ಹೊಸ ಬಟ್ಟೆ ಹೊಲಿಯುವ ಟೈಲರ್ ಅಲ್ಲ, ಆಲ್ಟರೇಷನ್ ಟೈಲರ್. ರೆಡಿಮೇಡ್ ಕೊಂಡವರು ಉದ್ದವಾದದ್ದನ್ನು ಗಿಡ್ಡ ಮಾಡಿಸಲು, ಬಿಗಿಯಾದದ್ದನ್ನು ಸಡಿಲ ಮಾಡಿಸಲು ಅವರ ಹತ್ತಿರ ಬರುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಕಿಟಕಿ, ಅದರ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಉದ್ದದ ಕನ್ನಡಿ. ಅಳತೆಗೆ ಒಗ್ಗದ ಬಟ್ಟೆಯನ್ನು ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನ ಭುಜದ ಹೊಲಿಗೆ ಇಳಿದಿದ್ದರೆ ಇಳಿಯುವ ಜಾಗ ಬರುವವರೆಗೂ ಅದನ್ನೇ ನೋಡುತ್ತಿರುತ್ತಾರೆ. ಒಮ್ಮೆ ಸಾವಿನ ಮನೆಗೆ ಹೋಗಿದ್ದಾಗ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಹೆಣಕ್ಕೆ ತೊಡಿಸಿದ್ದ ಅಂಗಿ ನೋಡಿ ನನ್ನ ಕಿವಿಯಲ್ಲಿ "ಪಾಪ, ಕಾಲರ್ ಒಂದು ಬೆರಳು ದೊಡ್ಡದಾಯ್ತು" ಎಂದಿದ್ದರು. ನಾನು ನಗು ತಡೆಯಲಾರದೆ ಬಾಯಿಗೆ ಬಟ್ಟೆ ಒತ್ತಿಕೊಂಡೆ, ಮನೆಯವರು ನನಗೇ ದುಃಖ ಹೆಚ್ಚಾಗಿದೆ ಎಂದುಕೊಂಡು ನೀರು ತಂದುಕೊಟ್ಟರು. ಬಟ್ಟೆ ಮೈಮೇಲೆ ಇದೆಯೆಂಬುದೇ ಗೊತ್ತಾಗಬಾರದು, ಗೊತ್ತಾದರೆ ಅದು ಹೊಲಿದವನ ತಪ್ಪು, ಎನ್ನುವುದು ಭಾವನ ಲೆಕ್ಕ. ಜಗಳ ಎಂದರೇನೆಂದು ಅರಿಯದ ಮನುಷ್ಯ. ಅವರಿಗೆ ಮಕ್ಕಳಾಗಲಿಲ್ಲ, ಅದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಎಂದೂ ದೂರಲಿಲ್ಲ.

ಅಕ್ಕನ ಎಡಗಾಲು ಕೆಟ್ಟದ್ದು ಯಾವಾಗಿನಿಂದ ಎಂದು ಕೇಳಿದರೆ ಅವಳಿಗೇ ತಿಳಿಯದು. ಮೊದಮೊದಲು ಸಂಜೆಯಾದರೆ ಕಾಲು ಭಾರ, ಎಳೆತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಆಮೇಲೆ ಮೊಣಕಾಲಿನ ಹಿಂದಿನಿಂದ ಕೆಳಗೆ ನರಗಳು ಉಬ್ಬಿ, ಸಿಕ್ಕು ಬಿದ್ದ ಹಸಿರು ನೂಲಿನ ಹಾಗೆ ಕಾಣತೊಡಗಿದವು. ಲಾಂಡ್ರಿಯಲ್ಲಿ ಅದು ಯಾರಿಗೆ ಇಲ್ಲ. ಊಟದ ಹೊತ್ತಿನಲ್ಲಿ ಹೆಂಗಸರು ಬಟ್ಟೆ ಸ್ವಲ್ಪ ಮೇಲೆತ್ತಿ ತಂತಮ್ಮ ಕಾಲು ತೋರಿಸಿಕೊಂಡು, ನಿನ್ನದು ದೊಡ್ಡದೋ ನನ್ನದು ದೊಡ್ಡದೋ ಎಂದು ನಗುತ್ತಿದ್ದರಂತೆ. ಒಬ್ಬಳು ಬಿಸಿನೀರಿನಲ್ಲಿ ಕಾಲು ಇಡು ಎಂದಳು, ಒಬ್ಬಳು ಎಣ್ಣೆ ಹಚ್ಚಿ ಜೋರಾಗಿ ತಿಕ್ಕು ಎಂದಳು. ಅಕ್ಕ ಎರಡನ್ನೂ ಮಾಡಿದಳು. ಪಾದದ ಗಂಟಿನ ಒಳಬದಿಯ ಚರ್ಮ ಕಂದು ತಿರುಗಿ, ಗಡುಸಾಗಿ, ತುರಿಸತೊಡಗಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ನಾನು ಕೂಗಾಡಿ, ಒಂದು ದಿನ ರಜೆ ಹಾಕಿಸಿ, ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಹೆಚ್ಚು ಮಾತಿನವರಲ್ಲ, ಆದರೆ ಹೇಳಿದ್ದನ್ನು ಬಿಡಿಸಿ ಹೇಳಿದರು. ಅಕ್ಕನನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದರು, ಪಾದದ ನಾಡಿ ಹಿಡಿದು ನೋಡಿದರು.

"ಕಾಲಿಗೆ ಬಂದ ರಕ್ತ ಮತ್ತೆ ಮೇಲಕ್ಕೆ ಹೋಗ್ಬೇಕಮ್ಮ. ವಾಪಸ್ ಕೆಳಗೆ ಬೀಳ್ಬಾರ್ದು ಅಂತ ನರದೊಳಗೆ ಸಣ್ಣ ಸಣ್ಣ ಬಾಗಿಲು ಇರ್ತವೆ. ನಿಮ್ಮ ಈ ಕಾಲಲ್ಲಿ ಆ ಬಾಗಿಲು ಸರಿಯಾಗಿ ಮುಚ್ಕೊಳ್ತಿಲ್ಲ. ರಕ್ತ ಕೆಳಗೇ ಉಳಿದು ನರ ಉಬ್ಬಿದೆ, ಚರ್ಮ ಕೆಡ್ತಿದೆ. ನಡೆಯುವಾಗ ಮೀನಖಂಡ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಒಂದೇ ಕಡೆ ನಿಂತ್ಕೊಂಡ್ರೆ ತಳ್ಳೋರು ಯಾರು?"

"ನಮ್ಮ ಕೆಲಸವೇ ನಿಂತ್ಕೊಳ್ಳೋದು ಡಾಕ್ಟ್ರೇ" ಎಂದಳು ಅಕ್ಕ.

ಗಂಟೆಗೊಮ್ಮೆಯಾದರೂ ನಾಲ್ಕು ಹೆಜ್ಜೆ ನಡೆಯಿರಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಮನೆಗೆ ಹೋದ ಮೇಲೆ ಮಲಗಿ ಕಾಲನ್ನು ಎದೆಗಿಂತ ಎತ್ತರಕ್ಕೆ ಇಡಿ, ಬಿಸಿನೀರು ಬೇಡ, ತಿಕ್ಕುವುದು ಬೇಡ, ತುರಿಸಬೇಡಿ ಎಂದೆಲ್ಲ ಹೇಳಿ, ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲ ಬರೆದುಕೊಟ್ಟರು. ಮೂರು ತಿಂಗಳು ಅದನ್ನು ಹಾಕಿ ಊತ ಇಳಿಸಬೇಕು, ಆಮೇಲೆ ಕೆಟ್ಟ ನರವನ್ನು ಬಿಸಿ ಕೊಟ್ಟು ಮುಚ್ಚುತ್ತೇವೆ, ಒಂದು ದಿನದ ಕೆಲಸ, ಎಂದು ತಾರೀಖನ್ನೂ ಬರೆದರು. "ಅಷ್ಟರಲ್ಲಿ ಚರ್ಮ ಒಡೀಬಾರ್ದು. ಒಡೆದ್ರೆ ದಾರಿ ಉದ್ದ ಆಗುತ್ತೆ."

ಬಸ್ಸಿನಲ್ಲಿ ಅಕ್ಕ ಮೊದಲ ಸಲ ಮುಂದಿನ ಮಾತಾಡಿದಳು. ನರ ಮುಚ್ಚಿಸಿಕೊಂಡ ಮೇಲೆ ಲಾಂಡ್ರಿ ಬಿಡುತ್ತಾಳಂತೆ. ಭಾವನಿಗೆ ಈಗ ಕೈತುಂಬ ಕೆಲಸ. ಅಂಚು ಮಡಿಸುವುದು, ಗುಂಡಿ ಹಾಕುವುದು ತಾನು ನೋಡಿಕೊಂಡರೆ ಇಬ್ಬರ ಹೊಟ್ಟೆಗೆ ಏನೂ ತೊಂದರೆಯಿಲ್ಲವಂತೆ. "ಕಾಲು ಒಂದು ಸ್ಟೂಲಿನ ಮೇಲೆ ಇಟ್ಕೊಂಡು ಕಿಟಕಿ ಹತ್ರ ಕೂತ್ಕೊಳ್ತೀನಿ ಕಣೇ. ನಿನ್ನ ಹಾಗೆ" ಎಂದಳು. ಮೂವತ್ತೊಂದು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ, ಕೂರುವ ಜಾಗ.

ಕಾಲುಚೀಲ ಹಾಕಿ ತೋರಿಸಿದವರು ಸಿಸ್ಟರ್. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. "ಬೆಳಗ್ಗೆ ಹಾಸಿಗೆಯಿಂದ ಇಳಿಯೋಕೆ ಮುಂಚೆ ಹಾಕಿ, ಮಲಗುವಾಗ ತೆಗೀರಿ. ಬಿಗಿ ಅನ್ಸುತ್ತೆ, ಅಭ್ಯಾಸ ಆಗುತ್ತೆ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಎಲ್ಲಿ ಬಿಗಿ, ಯಾಕೆ ಬಿಗಿ ಎಂದು ಅವರು ಹೇಳಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಡಬ್ಬಿಯೊಳಗೆ ಇರುವೆ ಸಾಲಿನಂಥ ಅಕ್ಷರದ ಕಾಗದವೊಂದಿತ್ತು. ಅದನ್ನು ಯಾರೂ ಓದಲಿಲ್ಲ. ಡಬ್ಬಿಯ ರಟ್ಟು ಚೆನ್ನಾಗಿದೆಯೆಂದು ಭಾವ ಅದನ್ನು ಕತ್ತರಿಸಿ ನೂಲು ಸುತ್ತಲು ಇಟ್ಟುಕೊಂಡರು.

ಅದನ್ನು ಹಾಕಿಕೊಳ್ಳುವುದೇ ಒಂದು ಯುದ್ಧ. ಬೆಳಗ್ಗೆ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಹಲ್ಲು ಕಚ್ಚಿ ಎಳೆಯುವಳು, ಭಾವ ನೆಲದ ಮೇಲೆ ಕೂತು ಹಿಮ್ಮಡಿ ತೂರಿಸುವರು. ಸಂಜೆ ತೆಗೆದಾಗ ಪಾದದ ಗಂಟಿನ ಸುತ್ತ ಹೆಣಿಗೆಯ ಅಚ್ಚು ಕೆಂಪಗೆ ಮೂಡಿರುತ್ತಿತ್ತು. ಮೇಲ್ಗಡೆಯಲ್ಲೋ, ಮೊಣಕಾಲಿನ ಕೆಳಗೆ, ಅದು ನಡೆದಾಗಲೆಲ್ಲ ಸುರುಳಿ ಸುತ್ತಿ ಜಾರುತ್ತಿತ್ತು. ಅಕ್ಕ ಗೊಣಗಲಿಲ್ಲ. ಹತ್ತು ದಿನ ಹೀಗೇ ಹೋಯಿತು. ಹಾಗೆ ನೋಡಿದರೆ ಆ ಹತ್ತು ದಿನಗಳಲ್ಲಿ ಊತ ಸ್ವಲ್ಪ ಇಳಿದಿತ್ತು ಕೂಡ, ಆದರೆ ಅದನ್ನು ಗಮನಿಸಿದವರು ಯಾರು. ಭಾವನ ಕಣ್ಣು ಇದ್ದದ್ದು ಆ ಕೆಂಪು ಅಚ್ಚಿನ ಮೇಲೆ.

ಭಾನುವಾರ ನಾನು ಹೋದಾಗ ಭಾವ ಕಾಲುಚೀಲವನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದು ಕೂತಿದ್ದರು.

"ನೋಡಮ್ಮ ಇಲ್ಲಿ" ಎಂದರು ನನಗೆ. "ಇದನ್ನ ಮಾಡಿದೋನು ಕಣ್ಣು ಮುಚ್ಕೊಂಡು ಮಾಡಿದಾನೆ. ಕೆಳಗೆ ಬಿಗಿ ಇಟ್ಟು ಮೇಲೆ ಸಡಿಲ ಬಿಟ್ಟಿದಾನೆ. ಕೆಳಗೆ ಕಚ್ಚುತ್ತೆ, ಮೇಲೆ ಜಾರುತ್ತೆ. ಅಳತೆ ಅಡಿಮೇಲಾಗಿದೆ."

"ವಾಪಸ್ ಕೊಟ್ಟು ಬೇರೆ ತರೋಣ ಭಾವ."

"ಅವರು ಕೊಡೋದೂ ಇದನ್ನೇ. ಒಂದು ಪೂರ್ತಿ ಥಾನು ಹಾಳಾಗಿರುತ್ತೆ. ಬಿಡು, ನಾನು ಸರಿ ಮಾಡ್ತೀನಿ."

ಹದಿನೈದು ವರ್ಷ ಊರಿನ ಜನರ ಬಟ್ಟೆಗಳ ತಪ್ಪನ್ನು ತಿದ್ದಿದವರಿಗೆ ಬೇರೆ ಏನು ತೋಚೀತು. ಇಡೀ ಭಾನುವಾರ ಅದರ ಮುಂದೆ ಕೂತರು. ಪಾದದ ಗಂಟಿನ ಹಿಂಬದಿಯಲ್ಲಿ ಒಂದು ಗೇಣು ಉದ್ದ ಬಿಚ್ಚಿ, ಎಳೆದರೆ ಹಿಗ್ಗುವ ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಸೇರಿಸಿದರು. ಚರ್ಮಕ್ಕೆ ಒತ್ತದಿರಲೆಂದು ಹೊಲಿಗೆಯ ಅಂಚನ್ನು ಹೊರಗೆ ತಿರುಗಿಸಿ ಚಪ್ಪಟೆ ಮಾಡಿದರು. ಮೇಲ್ಗಡೆ, ಮೊಣಕಾಲಿನ ಕೆಳಗೆ, ಎರಡು ಬೆರಳಗಲದ ಎಲಾಸ್ಟಿಕ್ಕನ್ನು ಎರಡು ಸುತ್ತು ಕೊಟ್ಟು ಗಟ್ಟಿಯಾಗಿ ಹೊಲಿದರು. ಇನ್ನು ಅದು ಜಾರುವ ಪ್ರಶ್ನೆಯೇ ಇರಲಿಲ್ಲ. ಅಂಥ ಅಚ್ಚುಕಟ್ಟು ಹೊಲಿಗೆಯನ್ನು ನಾನು ಅದುವರೆಗೆ ನೋಡಿರಲಿಲ್ಲ, ನಿಜವಾಗಿ ಹೇಳುತ್ತೇನೆ.

ಅಕ್ಕ ಹಾಕಿಕೊಂಡು ಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದಳು.

"ಹೇಗಿದೆ?" ಎಂದರು ಭಾವ.

"ಆರಾಮ ರೀ. ಹಾಕಿದ್ದೇ ಗೊತ್ತಾಗಲ್ಲ."

ಭಾವನ ಮುಖ ನೋಡಬೇಕಿತ್ತು. "ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಭಾವ" ಎಂದು ನಾನೇ ಹೊಗಳಿದೆ. ಈ ಮಾತನ್ನು ಮುಚ್ಚಿಟ್ಟುಕೊಂಡು ಮುಂದಿನದನ್ನು ಹೇಳುವುದು ನ್ಯಾಯವಲ್ಲ, ಅದಕ್ಕೆ ಬರೆದೆ.

ಆಮೇಲೆ ಎರಡೂವರೆ ತಿಂಗಳು ಅಕ್ಕ ಅದನ್ನು ವ್ರತ ಹಿಡಿದವಳಂತೆ ಹಾಕಿಕೊಂಡಳು. ಪೆಡಲ್ ಒತ್ತುವ ಮಧ್ಯೆ ಹಿಮ್ಮಡಿ ಎತ್ತಿ ಇಳಿಸಿದಳು. ಸಂಜೆ ಮನೆಗೆ ಬಂದು ದಿಂಬಿನ ಮೇಲೆ ದಿಂಬಿಟ್ಟು ಕಾಲು ಎತ್ತಿ ಮಲಗಿದಳು. ಇಷ್ಟಾದರೂ ಕಾಲು ದಿನದಿಂದ ದಿನಕ್ಕೆ ಊದಿಕೊಳ್ಳುತ್ತಾ ಹೋಯಿತು. ಎಲಾಸ್ಟಿಕ್ಕಿನ ಕೆಳಗೆ ಉಂಗುರದ ಹಾಗೆ ಕಪ್ಪು ಗುರುತು ಬಿತ್ತು, ಕೆಳಗಿನ ಚರ್ಮ ಬಿಗಿದು ಹೊಳೆಯತೊಡಗಿತು. ರೋಗ ಜೋರಾಗುತ್ತಿದೆ, ಕಾಲುಚೀಲ ಇದ್ದುದರಿಂದ ಇಷ್ಟರಲ್ಲೇ ಇದೆ, ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ ಎಂದು ಮೂವರೂ ನಂಬಿದೆವು. ಮಲಗುವಾಗಲೂ ಹಾಕಿಕೊಂಡರೆ ಇನ್ನೂ ಒಳ್ಳೆಯದಾಗಬಹುದು ಎಂದು ಅಕ್ಕನೇ ತೀರ್ಮಾನಿಸಿದಳು. ಅದನ್ನು ತೆಗೆಯುವಂತೆ ಯಾರೂ ಹೇಳಲಿಲ್ಲ.

ಡಾಕ್ಟರು ಕೊಟ್ಟ ತಾರೀಖಿಗೆ ಹದಿನೇಳು ದಿನ ಇರುವಾಗ ಲಾಂಡ್ರಿಯ ಬಟ್ಟೆ ಗಾಡಿಯ ಮೂಲೆ ಅವಳ ಪಾದದ ಗಂಟಿಗೆ ತಗುಲಿತು. ಉಗುರಿನಷ್ಟು ಗಾಯ. ಬೇರೆಯವರಿಗಾದರೆ ಮೂರು ದಿನದಲ್ಲಿ ಒಣಗುವಂಥದ್ದು. ಅಕ್ಕನಿಗೆ ಅದು ಒಣಗಲಿಲ್ಲ, ಅಗಲವಾಯಿತು, ನೀರು ಸುರಿಯತೊಡಗಿತು. ಹನ್ನೊಂದನೆಯ ದಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಕಿರುಚುವಷ್ಟು ನೋವು. ನಾನು ಕೌಂಟರ್ ಮುಚ್ಚಿ, ಸಾಲಿನಲ್ಲಿ ನಿಂತವರ ಬೈಗುಳ ತಿಂದು, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಾಲುಚೀಲ ತೆಗೆದವರು ಅದೇ ಸಿಸ್ಟರ್. ತೆಗೆದು, ಒಳಗು ಹೊರಗು ಮಾಡಿ ನೋಡಿದರು. ಪಟ್ಟಿಯ ಮೇಲೆ ಬೆರಳಾಡಿಸಿದರು, ಎಲಾಸ್ಟಿಕ್ಕನ್ನು ಎಳೆದು ನೋಡಿದರು.

"ಇದನ್ನ ಯಾರು ಹೊಲಿದ್ರು?"

"ನಮ್ಮನೆಯವರು" ಎಂದಳು ಅಕ್ಕ. ಅಷ್ಟು ನೋವಿನಲ್ಲೂ ಆ ಮಾತಿನಲ್ಲಿ ಒಂದು ಹೆಮ್ಮೆಯಿತ್ತು.

ಸಿಸ್ಟರ್ ಕಾಲುಚೀಲವನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, ಬೈಯದೆ, ಬಿಡಿಸಿ ಹೇಳಿದರು. ಅದು ಕೆಳಗೆ ಬಿಗಿ, ಮೇಲೆ ಸಡಿಲ ಇರುವುದೇ ಸರಿಯಂತೆ. ಪೇಸ್ಟಿನ ಟ್ಯೂಬನ್ನು ತಳದಿಂದ ಒತ್ತಿದರೆ ತಾನೇ ಪೇಸ್ಟ್ ಬಾಯಿಗೆ ಬರುವುದು. ಪಾದದ ಹತ್ತಿರ ಜೋರಾಗಿ ಒತ್ತಿ, ಮೇಲೆ ಹೋದಂತೆ ಒತ್ತಡ ಕಡಿಮೆಯಾದರೆ ರಕ್ತ ಮೇಲಕ್ಕೆ ಏರುತ್ತದೆ. "ನೀವು ಕೆಳಗೆ ಬಿಟ್ಟು ಮೇಲೆ ಕಟ್ಟಿದ್ದೀರಮ್ಮ. ಬರೋ ದಾರೀಲೇ ಕಟ್ಟಿದ್ದೀರ. ನಾನು ಅವತ್ತೇ ಹೇಳ್ಬೇಕಿತ್ತು."

ಸ್ಕ್ಯಾನಿನಲ್ಲಿ ಒಳಗಿನ ದೊಡ್ಡ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಆ ಕಟ್ಟಿನಿಂದಲೇ ಆಯಿತೆಂದು ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ ಎಂದರು ಡಾಕ್ಟರು, ಅದರಿಂದ ಒಳ್ಳೆಯದಂತೂ ಆಗಿಲ್ಲ ಎಂದೂ ಹೇಳಿದರು. ಮೂರು ತಿಂಗಳ ಹಿಂದೆ ಕೊಟ್ಟಿದ್ದ ತಾರೀಖನ್ನು ನಮ್ಮೆದುರಿಗೇ ಗೀಟು ಹಾಕಿ ಹೊಡೆದರು. ಒಳಗಿನ ನರ ಕಟ್ಟಿಕೊಂಡಿರುವಾಗ ಹೊರಗಿನದನ್ನು ಮುಚ್ಚಿದರೆ ರಕ್ತಕ್ಕೆ ಹೋಗಲು ದಾರಿಯೇ ಉಳಿಯದಂತೆ. ರಕ್ತ ತೆಳುವಾಗಿಸುವ ಮಾತ್ರೆ, ವಾರಕ್ಕೊಮ್ಮೆ ಸಿಸ್ಟರ್ ಕೈಯಲ್ಲಿ ಬ್ಯಾಂಡೇಜು. "ಗಾಯ ಮುಚ್ಚಬೇಕು ಅಂದ್ರೆ ನಿಂತು ಮಾಡೋ ಕೆಲಸ ಇವತ್ತೇ ಬಿಡಿ. ನಡೀರಿ, ಮಲಗಿ, ಕಾಲು ಮೇಲಿಟ್ಟು ಕೂತ್ಕೊಳ್ಳಿ. ನಿಂತ್ಕೊಳ್ಳೋದೊಂದು ಬೇಡ. ನಿಂತ್ರೆ ಈ ಗಾಯ ಮುಚ್ಚಲ್ಲ."

ಹೊರಗಿನ ಬೆಂಚಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. ತನ್ನ ಕಾಲಿನ ಬಗ್ಗೆ ಏನಾದರೂ ಹೇಳುತ್ತಾಳೆಂದುಕೊಂಡೆ.

"ಅವರಿಗೆ ಹೇಳ್ಬೇಡ."

"ಏನನ್ನ?"

"ಕಾಲುಚೀಲದ್ದು. ಹೆಪ್ಪುಗಟ್ಟಿದೆ ಅಂತಷ್ಟೇ ಹೇಳೋಣ. ಅವರಿಗೆ ಗೊತ್ತಾದ್ರೆ ತಡ್ಕೊಳ್ಳಲ್ಲ. ನನ್ನಾಣೆಗೂ ಹೇಳ್ಬೇಡ ಕಣೇ. ಹೇಗೂ ಲಾಂಡ್ರಿ ಬಿಡ್ತೀನಿ, ಅವರ ಪಕ್ಕ ಕೂತ್ಕೊಳ್ತೀನಿ, ಗಾಯ ಮುಚ್ಚುತ್ತೆ. ಅಷ್ಟಾದ್ರೆ ಸಾಕು."

ನಾನು ಆಣೆ ಮಾಡಿದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಅವಳ ತಲೆಯ ಮೇಲೆ ಕೈಯಿಟ್ಟು.

ಅಕ್ಕ ಲಾಂಡ್ರಿಗೆ ರಜೆ ಹಾಕಿದಳು, ಮುಂದಿನ ತಿಂಗಳ ಕೊನೆಗೆ ಬಿಡುತ್ತೇನೆಂದು ಹೇಳಿಯೂ ಬಂದಳು. ಭಾವ ಮುಂದಿನ ಕೋಣೆಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು. ಸ್ಟೂಲಿನ ಎತ್ತರ ಸಾಲದೆಂದು ಅದರ ಮೇಲೆ ಹಳೆಯ ಬಟ್ಟೆ ತುಂಬಿದ ಮೆತ್ತೆ ಹೊಲಿದು ಹಾಕಿದರು. ಇಪ್ಪತ್ತು ದಿನ ಅವಳು ಕಿಟಕಿಯ ಹತ್ತಿರ ಕೂತು ಅಂಚು ಮಡಿಸಿದಳು. ವಾರವಾರವೂ ಸಿಸ್ಟರ್ ಸಣ್ಣ ಕಾಗದದ ಅಳತೆಪಟ್ಟಿ ಇಟ್ಟು ಗಾಯ ಅಳೆಯುವರು. ಮೊದಲ ವಾರ ಹಾಗೇ ಇತ್ತು, ಎರಡನೆಯ ವಾರ ಒಂದು ನೂಲಿನಷ್ಟು ಕಡಿಮೆ, ಮೂರನೆಯ ವಾರ ಇನ್ನೊಂದಿಷ್ಟು. ಅಂಚಿನಲ್ಲಿ ಎಳೆ ಚರ್ಮ ಬರುತ್ತಿದೆ ಎಂದರು ಸಿಸ್ಟರ್. ಅಕ್ಕ ಆ ದಿನ ಬಸ್ಸಿನಲ್ಲಿ ಏನೋ ಗುನುಗಿಕೊಂಡಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಿಡಲಿಲ್ಲ ನಾನು.

ಮಾರನೆಯ ಸಂಜೆ ಕೌಂಟರಿನಲ್ಲಿ ಯಾರೋ ಒಬ್ಬ ಚಿಲ್ಲರೆಗಾಗಿ ನನ್ನ ವಂಶವನ್ನೆಲ್ಲ ಜಾಲಾಡಿ ಹೋಗಿದ್ದ. ತಲೆ ಕಾದ ಹೆಂಚಾಗಿತ್ತು. ಅದೇ ತಲೆ ಹೊತ್ತು ಅಕ್ಕನ ಮನೆಗೆ ಹೋದೆ. ಅಕ್ಕ ಒಳಗೆ ಕಾಲು ಮೇಲಿಟ್ಟು ಮಲಗಿದ್ದಳು. ಭಾವ ಹೊರಗಿನ ಕೋಣೆಯಲ್ಲಿ ಯಾವುದೋ ಹೊಸ ಹಿಗ್ಗುವ ಬಟ್ಟೆ ಹರಡಿಕೊಂಡಿದ್ದರು. ನನ್ನನ್ನು ನೋಡಿ ದನಿ ತಗ್ಗಿಸಿದರು.

"ಈ ಬ್ಯಾಂಡೇಜು ನೋಡಿದ್ಯಾ? ಪಾದದ ಹತ್ರ ಎಷ್ಟು ಬಿಗಿ ಸುತ್ತಿದಾರೆ. ಪಾಪ, ಕಚ್ಕೊಂಡು ಇದಾಳೆ, ಬಾಯಿ ಬಿಡಲ್ಲ. ನಾನು ಮಾಡಿಕೊಟ್ಟಿದ್ದು ಎಷ್ಟು ಆರಾಮ ಅಂತಿದ್ಲು. ಅದನ್ನ ಬಿಡಿಸಿ ಈ ಹಿಂಸೆ ಕೊಡ್ತಿದಾರೆ. ಇದು ಒಳ್ಳೇ ಬಟ್ಟೆ, ಇದರಲ್ಲಿ ಇನ್ನೊಂದು ಮಾಡ್ತಿದೀನಿ. ನೀನು ಆ ಆಸ್ಪತ್ರೆಗೆ ಕರ್ಕೊಂಡು ಹೋಗದೇ ಇದ್ದಿದ್ರೆ ಇಷ್ಟೊತ್ತಿಗೆ ವಾಸಿ ಆಗ್ತಿತ್ತೋ ಏನೋ."

ಕೊನೆಯ ಮಾತನ್ನು ಅವರು ದೂರಿ ಹೇಳಿರಲಿಲ್ಲ, ಸುಮ್ಮನೆ ಯೋಚಿಸುತ್ತ ಹೇಳಿದ್ದು. ನನಗೆ ಅದು ಕಾದ ಎಣ್ಣೆಗೆ ನೀರು ಬಿದ್ದಂತಾಯಿತು. ಬ್ಯಾಂಡೇಜು ಮುಟ್ಟಬೇಡಿ ಎಂದಷ್ಟೇ ಹೇಳಬಹುದಿತ್ತು. ಡಾಕ್ಟರು ಬೇಡ ಅಂದಿದ್ದಾರೆ ಎಂದರೆ ಕೇಳುವ ಮನುಷ್ಯ. ನಾನು ಹಾಗೆ ಹೇಳಲಿಲ್ಲ.

"ಕಾಲು ಹಾಳಾಗಿದ್ದೇ ನಿಮ್ಮ ಹೊಲಿಗೆಯಿಂದ ಭಾವ" ಎಂದೆ. ಅಲ್ಲಿಗೂ ನಿಲ್ಲಿಸಲಿಲ್ಲ. ಕೆಳಗೆ ಬಿಗಿ ಮೇಲೆ ಸಡಿಲ ಇರುವುದೇ ಸರಿ, ನೀವು ಉಲ್ಟಾ ಮಾಡಿದಿರಿ, ರಕ್ತ ಬರುವ ದಾರಿಯಲ್ಲಿ ಕಟ್ಟು ಹಾಕಿದಿರಿ, ಒಳಗಿನ ನರ ಕಟ್ಟಿಕೊಂಡಿತು, ಆಪರೇಷನ್ ತಪ್ಪಿಹೋಯಿತು, ಇನ್ನು ಆಗುವುದೂ ಇಲ್ಲ, ಇದೆಲ್ಲ ಗೊತ್ತಿದ್ದೂ ನಿಮಗಾಗಿ ಅವಳು ಬಾಯಿ ಮುಚ್ಚಿಕೊಂಡಿದ್ದಾಳೆ, ಎಂದು ಒಂದೇ ಉಸಿರಿಗೆ ಒದರಿದೆ. ನಾನೂ ಆ ಹೊಲಿಗೆಯನ್ನು ಹೊಗಳಿದ್ದು ಆಗ ನನ್ನ ನೆನಪಿಗೆ ಬರಲಿಲ್ಲ.

ಭಾವ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಆರಾಮ ಅಂದಿದ್ಲಲ್ಲಾ?"

ಒಳಗಿನಿಂದ ಅಕ್ಕ ಎದ್ದು ಬಂದಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭಾವ ಅವಳ ಮುಖ ನೋಡಲಿಲ್ಲ, ಕಾಲನ್ನು ನೋಡಿದರು. "ನಿಂತ್ಕೋಬೇಡ, ಕೂತ್ಕೋ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ನನ್ನ ಕಾಲು ಹೇಗೂ ಹೋಗಿತ್ತು" ಎಂದಳು. "ಅವರ ಕೈ ಯಾಕೆ ತೆಗೆದೆ?"

ಆ ಮಾತಿನ ಅರ್ಥ ನನಗೆ ತಿಳಿಯಲು ಹದಿನೈದು ದಿನ ಹಿಡಿಯಿತು. ಭಾವ ಅತ್ತು ಕರೆದು ಮಾಡಲಿಲ್ಲ. ಬೆಳಗ್ಗೆ ಎದ್ದು ಕಿಟಕಿ ತೆಗೆದು ಯಂತ್ರದ ಮುಂದೆ ಕೂರುತ್ತಿದ್ದರು. ಆದರೆ ಹೊಲಿಯಲಾಗುತ್ತಿರಲಿಲ್ಲ. ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಸೊಂಟದ ಅಳತೆ ಹಿಡಿಯುವರು, ಪಿನ್ನು ಚುಚ್ಚುವರು, ಬಿಗಿಯಾಯ್ತಾ ಎಂದು ಕೇಳುವರು. ಇಲ್ಲ, ಸರಿಯಾಗಿದೆ ಎಂದು ಅವನು ಹೇಳಿದರೆ ನಂಬುತ್ತಿರಲಿಲ್ಲ. ಮತ್ತೆ ಅಳೆಯುವರು, ಮತ್ತೆ ಕೇಳುವರು. ನಿಜವಾಗಿ ಹೇಳಿ, ನನಗೋಸ್ಕರ ಹೇಳ್ಬೇಡಿ, ಎನ್ನುವರು. ನಾಲ್ಕನೆಯ ಸಲಕ್ಕೆ ಗಿರಾಕಿಗೆ ತಲೆ ಕೆಟ್ಟು ಪ್ಯಾಂಟು ಕಿತ್ತುಕೊಂಡು ಹೋಗುವನು. ಒಂದೊಂದಾಗಿ ಬಟ್ಟೆಗಳು ವಾಪಸ್ ಹೋದವು. ಅಕ್ಕ ಪಕ್ಕದಲ್ಲಿ ಕೂತೇ ಇದ್ದಳು, ಕಾಲು ಮೆತ್ತೆಯ ಮೇಲಿತ್ತು, ಮಡಿಸಲು ಅಂಚೇ ಇರಲಿಲ್ಲ. ಒಂದು ದಿನ ಭಾವ ಕಿಟಕಿ ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ.

ನಾನು ಹೋಗಿ ಅವರ ಕಾಲು ಹಿಡಿದುಕೊಂಡೆ. "ಭಾವ, ತಪ್ಪಾಯ್ತು. ಡಾಕ್ಟ್ರು ಅದರಿಂದಲೇ ಅಂತ ಹೇಳಿಲ್ಲ. ನಾನು ಸಿಟ್ಟಲ್ಲಿ ಹೆಚ್ಚಿಗೆ ಹೇಳ್ದೆ" ಎಂದೆ. ಅವರು ನನ್ನನ್ನು ಎಬ್ಬಿಸಿ, ತಲೆ ಸವರಿ, "ಇಲ್ಲಮ್ಮ, ನೀನು ನಿಜ ಹೇಳ್ದೆ" ಎಂದರು. ಸಂಬಳದಲ್ಲಿ ನಾನು ಮನೆ ನಡೆಸುತ್ತೇನೆ, ಅಕ್ಕ ಮನೆಯಲ್ಲಿರಲಿ, ಎಂದು ಬೇಡಿಕೊಂಡೆ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಸಂಬಳ ನನ್ನ ಮನೆಗೇ ಸಾಲದೆಂದು ಅವಳಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ, ತಂಗಿಯ ಅನ್ನ ತಿಂದರೆ ಗಂಡ ಇನ್ನಷ್ಟು ಕುಗ್ಗುತ್ತಾನೆ ಎಂದು ಗೊತ್ತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಹೇಳಿ ಬಂದಿದ್ದವಳು ಆ ತಿಂಗಳ ಕೊನೆಗೇ ಹೋಗಿ ಮತ್ತೆ ಕೆಲಸಕ್ಕೆ ನಿಂತಳು. ಅವಳ ಮೇಜನ್ನು ಬೇರೆಯವಳಿಗೆ ಕೊಟ್ಟಾಗಿತ್ತು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ ಸಿಕ್ಕಿತು, ಗೋಡೆಯ ಬದಿಯ ಮೇಜು, ನಾಲ್ಕು ಹೆಜ್ಜೆ ನಡೆಯಲೂ ಎಡೆಯಿಲ್ಲದ್ದು.

ಮೊನ್ನೆ ಬುಧವಾರ ಬ್ಯಾಂಡೇಜಿಗೆ ಅವಳ ಜೊತೆ ಹೋಗಿದ್ದೆ. ಸಿಸ್ಟರ್ ಸುತ್ತುಗಳನ್ನು ಬಿಚ್ಚಿದರು, ಗಾಯ ತೊಳೆದರು, ಅಳತೆಪಟ್ಟಿ ಇಟ್ಟರು. ಪುಸ್ತಕ ತೆಗೆದು ಹಿಂದಿನ ವಾರದ್ದನ್ನು ನೋಡಿದರು, ಮತ್ತೆ ಅಳೆದರು.

"ಮತ್ತೆ ಅಗಲ ಆಗಿದೆ. ಐದು ವಾರದಿಂದ ಅಗಲ ಆಗ್ತಾನೇ ಇದೆ" ಎಂದರು. "ಮಾತ್ರೆ ತಗೊಳ್ತಿದೀರಾ?"

"ತಗೊಳ್ತಿದೀನಿ."

"ಬ್ಯಾಂಡೇಜು ಬಿಚ್ತಿಲ್ಲ ತಾನೇ?"

"ಇಲ್ಲ ಸಿಸ್ಟರ್."

"ನಿಂತ್ಕೊಂಡು ಕೆಲಸ ಮಾಡ್ತಿದೀರಾ?"

"ಇಲ್ಲ. ಅದನ್ನ ಬಿಟ್ಟೆನಲ್ಲ. ನಮ್ಮನೆಯವರ ಪಕ್ಕ ಕೂತ್ಕೊಂಡು ಅಂಚು ಹಾಕ್ತೀನಿ."

ಸಿಸ್ಟರಿಗೆ ಅರ್ಥವಾಗಲಿಲ್ಲ. ಹಾಗಾದರೆ ಯಾಕೆ ಹೀಗೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಹೌದೇನಮ್ಮ? ಮನೇಲೇ ಇರ್ತಾರಾ?"

ಮೇಜಿನ ಕೆಳಗೆ ಅಕ್ಕನ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಗಟ್ಟಿಯಾಗೇನೂ ಅಲ್ಲ. ನಿಜ ಹೇಳಿದರೆ ಬೈದಾರು, ಡಾಕ್ಟರನ್ನು ಕರೆಸಿಯಾರು, ಏನಾದರೊಂದು ದಾರಿ ಹುಡುಕಿಯಾರು. ನಾನು ಬಾಯಿ ಬಿಡಬೇಕಾಗಿದ್ದದ್ದು ಅಲ್ಲಿ.

"ಹೌದು ಸಿಸ್ಟರ್" ಎಂದೆ. "ಮನೇಲೇ ಇರ್ತಾಳೆ."

ಸಿಸ್ಟರ್ ಪಾದದಿಂದ ಶುರುಮಾಡಿ ಮೇಲಕ್ಕೆ ಹೊಸ ಬ್ಯಾಂಡೇಜು ಸುತ್ತಿದರು, ಮುಂದಿನ ಬುಧವಾರ ಬನ್ನಿ ಎಂದರು. ವಾಪಸ್ ಬಸ್ಸು ಹತ್ತಿದೆವು. ಮನೆ ಬರಲು ಇನ್ನೂ ಎರಡು ಸ್ಟಾಪು ಇರುವಾಗ ಅಕ್ಕ ಕಂಬಿ ಹಿಡಿದು ಎದ್ದು ನಿಂತಳು. ಗಂಟೆ ಎರಡಾಗುತ್ತ ಬಂದಿತ್ತು. ಅವಳು ಲಾಂಡ್ರಿಯ ಸ್ಟಾಪಿನಲ್ಲಿ ಇಳಿದಳು, ಬಲಗಾಲು ಮೊದಲು, ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಇಳಿಸಿಕೊಂಡು.